ಜಿಡಿಬಿಯಲ್ಲಿ ನೋಡಲು ಹೋದರೆ ದೋಷ ಏಕೆ ಮಾಯವಾಗುತ್ತದೆ?

ಓದುಗರ ಪ್ರಶ್ನೆ: ಸಿ ಭಾಷೆಯಲ್ಲಿ ಪಿಥ್ರೆಡ್ (ಥ್ರೆಡ್‌ಗಳನ್ನು, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎಳೆಗಳನ್ನು, ಹುಟ್ಟಿಸುವ ಲೈಬ್ರರಿ) ಬಳಸಿ ಬರೆದ ನನ್ನ ಪ್ರೋಗ್ರಾಂ ಒಂದೇ ಥ್ರೆಡ್‌ನಲ್ಲಿ ಸರಿಯಾದ ಉತ್ತರ ಕೊಡುತ್ತದೆ. ನಾಲ್ಕು ಥ್ರೆಡ್‌ಗಳಲ್ಲಿ ಓಡಿಸಿದರೆ ಹತ್ತರಲ್ಲಿ ಒಂದು ಸಲ ತಪ್ಪುತ್ತದೆ. ದೋಷ ಹುಡುಕುವ ಸಲಕರಣೆಯಾದ ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ (ಓಟ ನಿಲ್ಲಬೇಕಾದ ಜಾಗದ ಗುರುತು) ಇಟ್ಟು ನೋಡಲು ಹೊರಟರೆ ತಪ್ಪುವುದೇ ಇಲ್ಲ. ಇಂಥ ಕೆಲಸಕ್ಕೆ ನನ್ನ ಲಿನಕ್ಸ್ ಲ್ಯಾಪ್‌ಟಾಪನ್ನು ಹೇಗೆ ಸಜ್ಜುಗೊಳಿಸಬೇಕು?

ಉತ್ತರ: ಜಿಡಿಬಿಯನ್ನು ಸದ್ಯಕ್ಕೆ ಬದಿಗಿಡಿ. ಬ್ರೇಕ್‌ಪಾಯಿಂಟಿಗೆ ಒಂದು ಥ್ರೆಡ್ ಬಂದು ನಿಂತಾಗ ಜಿಡಿಬಿ ಸಾಮಾನ್ಯವಾಗಿ ಉಳಿದೆಲ್ಲ ಥ್ರೆಡ್‌ಗಳನ್ನೂ ನಿಲ್ಲಿಸುತ್ತದೆ. ಅಲ್ಲಿಗೆ ಯಾವ ಥ್ರೆಡ್ ಯಾವುದಕ್ಕಿಂತ ಮೊದಲು ಓಡಿತು ಎಂಬ ಕ್ರಮವೇ ಬದಲಾಗುತ್ತದೆ, ನಿಮ್ಮ ದೋಷ ಹುಟ್ಟಿದ್ದಾದರೋ ಆ ಕ್ರಮದಿಂದಲೇ. ನೋಡಲು ಹೋದರೆ ಅಡಗಿಕೊಳ್ಳುವ ಇಂಥ ದೋಷವನ್ನು ಹೈಸನ್‌ಬಗ್ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1985ರ ತಮ್ಮ ವರದಿಯಲ್ಲೇ ಈ ಪದವನ್ನು ಬಳಸಿದ್ದರು. ಮೌಲ್ಯಗಳನ್ನು ಪರದೆಗೆ ಬರೆಯುವ ಪ್ರಿಂಟ್‌ಎಫ್ ಹಾಕಿದರೂ ಇದೇ ಗತಿ, ಏಕೆಂದರೆ ಅದು ತನ್ನೊಳಗೆ ಒಂದು ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ದಾರಿ ಬಿಡುವ ಬೀಗ) ಹಿಡಿಯುತ್ತದೆ ಮತ್ತು ಆ ಲಾಕ್ ನಿಮ್ಮ ಥ್ರೆಡ್‌ಗಳನ್ನು ಗೊತ್ತಿಲ್ಲದಂತೆ ಸಾಲಾಗಿ ನಿಲ್ಲಿಸುತ್ತದೆ.

ಒಂದು ಸಣ್ಣ ಉದಾಹರಣೆಯನ್ನು ಬಿಡಿಸಿ ನೋಡೋಣ. ಎರಡು ಥ್ರೆಡ್‌ಗಳು ಒಂದೇ ಗ್ಲೋಬಲ್ ವೇರಿಯಬಲ್ಲನ್ನು ತಲಾ 1,00,000 ಸಲ ಒಂದೊಂದಾಗಿ ಹೆಚ್ಚಿಸಲಿ. ಕೊನೆಗೆ 2,00,000 ಬರಬೇಕು. ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಕೋಡನ್ನು ತಿದ್ದುವುದು) ಇಲ್ಲದೆ ಕಂಪೈಲ್ ಮಾಡಿದರೆ ಆ ಒಂದು ಹೆಚ್ಚಳ ಮೂರು ಸೂಚನೆಗಳಾಗಿ ಒಡೆಯುತ್ತದೆ: ಮೆಮೊರಿಯಿಂದ ರಿಜಿಸ್ಟರಿಗೆ ತರುವುದು, ಒಂದು ಕೂಡುವುದು, ಮರಳಿ ಬರೆಯುವುದು. ಮೊದಲ ಥ್ರೆಡ್ 41 ಎಂದು ಓದಿ 42 ಎಂದು ಬರೆಯುವಷ್ಟರಲ್ಲಿ ಎರಡನೆಯದೂ 41 ಎಂದೇ ಓದಿಕೊಂಡಿದ್ದರೆ, ಎರಡೂ 42 ಬರೆದು ಒಂದು ಎಣಿಕೆ ಕಳೆದುಹೋಗುತ್ತದೆ. ಇದನ್ನೇ ‘-ಓ2’ ಎಂಬ ಆಪ್ಟಿಮೈಸೇಶನ್ ಆಯ್ಕೆ ಹಾಕಿ ಕಂಪೈಲ್ ಮಾಡಿ ನೋಡಿ: ಜಿಸಿಸಿ ಕಂಪೈಲರ್ ಲೂಪನ್ನೇ ಅಳಿಸಿ, ಒಂದೇ ಏಟಿಗೆ 1,00,000 ಕೂಡುವ ಸೂಚನೆ ಬರೆದುಬಿಡುತ್ತದೆ. ಆಗ ಡಿಕ್ಕಿಯ ಸಂದು ಎಷ್ಟು ಕಿರಿದಾಗುತ್ತದೆಂದರೆ ನೂರು ಸಲ ಓಡಿಸಿದರೂ ಉತ್ತರ ಸರಿಯಾಗಿಯೇ ಬರಬಹುದು. ದೋಷ ಮಾತ್ರ ಇದ್ದಲ್ಲೇ ಇದೆ. ಆದ್ದರಿಂದ ಉತ್ತರ ತಪ್ಪಲಿ ಎಂದು ಕಾಯದೆಯೇ ದೋಷವನ್ನು ಹಿಡಿಯಬಲ್ಲ ಸಲಕರಣೆ ನಿಮಗೆ ಮೊದಲು ಬೇಕು.

ಆ ಸಲಕರಣೆ ಥ್ರೆಡ್‌ಸ್ಯಾನಿಟೈಜರ್. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಅದು ಸೇರಿಯೇ ಬರುತ್ತದೆ; ಕಂಪೈಲ್ ಮತ್ತು ಲಿಂಕ್ ಎರಡೂ ಹಂತಗಳಲ್ಲಿ ‘-ಜಿ -ಓ1 -ಎಫ್‌ಸ್ಯಾನಿಟೈಜ್=ಥ್ರೆಡ್’ ಸೇರಿಸಿದರೆ ಸಾಕು. ಒಂದೇ ಜಾಗವನ್ನು ಎರಡು ಥ್ರೆಡ್‌ಗಳು ಮುಟ್ಟಿವೆಯೇ, ಅವುಗಳಲ್ಲಿ ಒಂದಾದರೂ ಬರೆದಿದೆಯೇ, ನಡುವೆ ಲಾಕ್‌ನಂಥ ಯಾವುದಾದರೂ ಹೊಂದಾಣಿಕೆ ಇತ್ತೇ ಎಂಬುದನ್ನು ಅದು ಲೆಕ್ಕವಿಡುತ್ತದೆ. ಹೊಂದಾಣಿಕೆ ಇರದಿದ್ದರೆ, ಉತ್ತರ ಸರಿಯಾಗಿ ಬಂದಿದ್ದರೂ ದೂರು ಕೊಡುತ್ತದೆ. ದೂರಿನಲ್ಲಿ ಎರಡೂ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದು ಅಲ್ಲಿಗೆ ಬಂತೆಂಬ ಪಟ್ಟಿ), ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತವೆ. ಇದಕ್ಕೆ ತೆರುವ ಬೆಲೆಯೆಂದರೆ ಓಟ ಸುಮಾರು 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿ 5ರಿಂದ 10 ಪಟ್ಟು ಬೇಕಾಗುತ್ತದೆ. ಓಡದೆ ಉಳಿದ ಕೋಡಿನ ಬಗ್ಗೆ ಅದು ಏನನ್ನೂ ಹೇಳಲಾರದು, ಹಾಗಾಗಿ ಪರೀಕ್ಷೆಗಳು ನಿಮ್ಮ ಕೈಯಲ್ಲೇ ಇವೆ. ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್‌ಸ್ಯಾನಿಟೈಜರ್ ಜೊತೆ ಒಂದೇ ಬಿಲ್ಡ್‌ನಲ್ಲಿ ಇದು ಕೂಡುವುದಿಲ್ಲವಾದ್ದರಿಂದ, ಮಾಮೂಲಿ, ಥ್ರೆಡ್, ಅಡ್ರೆಸ್ ಎಂದು ಮೂರು ಬಿಲ್ಡ್ ಫೋಲ್ಡರ್‌ಗಳನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಿ.

ಹೊಸ ಕರ್ನಲ್ ಇರುವ ಯಂತ್ರದಲ್ಲಿ ಥ್ರೆಡ್‌ಸ್ಯಾನಿಟೈಜರ್ ಹೊರಡುವಾಗಲೇ ‘ಅನ್‌ಎಕ್ಸ್‌ಪೆಕ್ಟೆಡ್ ಮೆಮೊರಿ ಮ್ಯಾಪಿಂಗ್’ ಎಂದು ಸಾಯಬಹುದು. ಈ ಸಂದೇಶ ಕಂಡು ನನ್ನ ಕೋಡಿನಲ್ಲೇ ತಪ್ಪು ಹುಡುಕುತ್ತ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಕೋಡಿನದೇನೂ ತಪ್ಪಿರಲಿಲ್ಲ; ಕರ್ನಲ್ ವಿಳಾಸಗಳನ್ನು ಅಗತ್ಯಕ್ಕಿಂತ ಹೆಚ್ಚು ಚದುರಿಸುತ್ತಿತ್ತು. ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಆಜ್ಞೆಯ ಮೂಲಕ ‘ವಿಎಂ.ಎಂಮ್ಯಾಪ್_ಆರ್‌ಎನ್‌ಡಿ_ಬಿಟ್ಸ್’ ಮೌಲ್ಯವನ್ನು 28ಕ್ಕೆ ಇಳಿಸಿದರೆ, ಅಥವಾ ಪ್ರೋಗ್ರಾಮನ್ನು ‘ಸೆಟ್‌ಆರ್ಚ್ -ಆರ್’ ಮೂಲಕ ಓಡಿಸಿದರೆ ಸರಿಹೋಗುತ್ತದೆ. ಓಪನ್‌ಎಂಪಿ (ಲೂಪುಗಳನ್ನು ಥ್ರೆಡ್‌ಗಳಿಗೆ ಹಂಚುವ ವ್ಯವಸ್ಥೆ) ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಜಿಸಿಸಿಯ ಓಪನ್‌ಎಂಪಿ ಲೈಬ್ರರಿಯ ಒಳಗಿನ ಹೊಂದಾಣಿಕೆಗಳು ಥ್ರೆಡ್‌ಸ್ಯಾನಿಟೈಜರಿಗೆ ಕಾಣದೆ ಸುಳ್ಳು ದೂರುಗಳು ಸಾಲುಗಟ್ಟುತ್ತವೆ, ಅಲ್ಲಿ ಕ್ಲ್ಯಾಂಗ್ ಮತ್ತು ಅದರ ಆರ್ಚರ್ ಲೈಬ್ರರಿಯೇ ಸೂಕ್ತ. ಕೋಡನ್ನು ಮತ್ತೆ ಕಂಪೈಲ್ ಮಾಡಲಾಗದಿದ್ದರೆ ವಾಲ್‌ಗ್ರೈಂಡ್‌ನ ಹೆಲ್‌ಗ್ರೈಂಡ್ ಇದೆ, ತುಂಬ ನಿಧಾನ.

ದೂರಿನಿಂದಲೂ ಕಾರಣ ಹೊಳೆಯದಿದ್ದಾಗ ಆರ್‌ಆರ್ ಎಂಬ ಸಲಕರಣೆ ಕೈಗೆತ್ತಿಕೊಳ್ಳಿ. ಮೊಜಿಲ್ಲಾದಲ್ಲಿ ಹುಟ್ಟಿದ ಇದು ಒಂದು ಓಟವನ್ನು ದಾಖಲಿಸಿ, ಥ್ರೆಡ್‌ಗಳ ಅದೇ ಕ್ರಮದಲ್ಲಿ ಬೇಕಾದಷ್ಟು ಸಲ ಮರಳಿ ಓಡಿಸುತ್ತದೆ. ‘ಕೇಯಾಸ್’ ಎಂಬ ಆಯ್ಕೆ ಕೊಟ್ಟು, ಉತ್ತರ ತಪ್ಪುವ ತನಕ ಶೆಲ್ ಲೂಪಿನಲ್ಲಿ ದಾಖಲಿಸುತ್ತ ಹೋಗಿ. ತಪ್ಪಿದ ಓಟ ಒಮ್ಮೆ ಸಿಕ್ಕಿತೆಂದರೆ ಅದು ನಿಮ್ಮದೇ. ಕೆಟ್ಟ ವೇರಿಯಬಲ್ಲಿನ ಮೇಲೆ ವಾಚ್‌ಪಾಯಿಂಟ್ (ಮೌಲ್ಯ ಬದಲಾದಾಗ ಓಟ ನಿಲ್ಲಿಸುವ ಗುರುತು) ಇಟ್ಟು ‘ರಿವರ್ಸ್-ಕಂಟಿನ್ಯೂ’ ಎಂದರೆ, ಅದನ್ನು ಕೊನೆಯದಾಗಿ ಬರೆದ ಥ್ರೆಡ್ ಬಳಿಗೆ ಓಟ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಇದಕ್ಕಾಗಿ ಕರ್ನಲ್‌ನ ‘ಪರ್ಫ್_ಇವೆಂಟ್_ಪ್ಯಾರನಾಯ್ಡ್’ ಮೌಲ್ಯ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆರ್‌ಆರ್ ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್‌ನಲ್ಲಿ ಸರದಿಯಂತೆ ಓಡಿಸುವುದರಿಂದ, ಎರಡು ಕೋರ್‌ಗಳು ನಿಜವಾಗಿ ಒಟ್ಟಿಗೆ ಓಡಿದಾಗ ಮಾತ್ರ ಕಾಣುವ ಮೆಮೊರಿ ಕ್ರಮದ ದೋಷಗಳು ಅದಕ್ಕೆ ಸಿಗುವುದಿಲ್ಲ. ಹಾರ್ಡ್‌ವೇರ್ ಕೌಂಟರ್‌ಗಳನ್ನು ಒದಗಿಸದ ವರ್ಚುವಲ್ ಮೆಷಿನ್‌ಗಳಲ್ಲಿ ಅದು ಓಡುವುದೂ ಇಲ್ಲ.

ಜಿಡಿಬಿಯ ಸರದಿ ಬರುವುದು ಪ್ರೋಗ್ರಾಂ ತಪ್ಪುವ ಬದಲು ನಿಂತುಬಿಟ್ಟಾಗ, ಅಂದರೆ ಥ್ರೆಡ್‌ಗಳು ಒಂದರ ಲಾಕ್‌ಗಾಗಿ ಇನ್ನೊಂದು ಕಾಯುತ್ತ ಕೂತು ಡೆಡ್‌ಲಾಕ್ ಆದಾಗ. ಅಲ್ಲಿ ಎಲ್ಲ ಥ್ರೆಡ್‌ಗಳೂ ಕದಲದೆ ಕೂತಿರುವುದರಿಂದ ನೋಡುವುದರಿಂದ ಏನೂ ಕೆಡುವುದಿಲ್ಲ. ಓಡುತ್ತಿರುವ ಪ್ರೋಗ್ರಾಮಿಗೆ ಜಿಡಿಬಿಯನ್ನು ಜೋಡಿಸಲು ಉಬುಂಟು ಸಾಮಾನ್ಯ ಬಳಕೆದಾರರಿಗೆ ಬಿಡದು, ‘ಕರ್ನಲ್.ಯಾಮಾ.ಪಿಟ್ರೇಸ್_ಸ್ಕೋಪ್’ ಅನ್ನು 0 ಮಾಡಿ, ಅಥವಾ ಸುಡೋ ಬಳಸಿ. ಒಳಹೊಕ್ಕ ಮೇಲೆ ‘ಥ್ರೆಡ್ ಅಪ್ಲೈ ಆಲ್ ಬಿಟಿ’ ಎಂದರೆ ಎಲ್ಲರ ಸ್ಟ್ಯಾಕ್ ಬೀಳುತ್ತದೆ. ಲಾಕ್‌ಗಾಗಿ ಕಾಯುತ್ತಿರುವ ಥ್ರೆಡ್‌ಗೆ ಹೋಗಿ ಆ ಲಾಕನ್ನು, ಅಂದರೆ ಮ್ಯೂಟೆಕ್ಸನ್ನು, ಪ್ರಿಂಟ್ ಮಾಡಿ: ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅದರೊಳಗೆ ‘ಓನರ್’ ಎಂಬ ಸಂಖ್ಯೆಯಿದೆ, ‘ಇನ್ಫೋ ಥ್ರೆಡ್ಸ್’ ತೋರಿಸುವ ಎಲ್‌ಡಬ್ಲ್ಯುಪಿ (ಕರ್ನಲ್ ಪ್ರತಿ ಥ್ರೆಡ್‌ಗೆ ಕೊಟ್ಟ) ಸಂಖ್ಯೆಗಳಲ್ಲಿ ಅದನ್ನು ಹುಡುಕಿದರೆ ಲಾಕ್ ಹಿಡಿದು ಕೂತಿರುವವನು ಸಿಗುತ್ತಾನೆ, ಅವನು ಯಾವ ಲಾಕ್‌ಗೆ ಕಾಯುತ್ತಿದ್ದಾನೆ, ಅದು ಯಾರ ಕೈಯಲ್ಲಿದೆ ಎಂದು ಹೀಗೇ ಹಿಡಿದುಹೋದರೆ ಎರಡು ಮೂರು ಹೆಜ್ಜೆಗಳಲ್ಲಿ ಹೊರಟಲ್ಲಿಗೇ ಮರಳಿ ಬರುತ್ತೀರಿ.