ಎಕೋ ನಾರ್ಮಲ್ ಬಂದಿದೆ, ಆದರೂ ಇಷ್ಟು ಸುಸ್ತೇಕೆ?

ಪ್ರಶ್ನೆ: ಎಂಟು ತಿಂಗಳಿಂದ ವಿಪರೀತ ಸುಸ್ತು. ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ (ದೀರ್ಘಕಾಲದ ಸುಸ್ತಿನ ಕಾಯಿಲೆ) ಎಂದಿದ್ದಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆ, ಎರಡೂ ನಾರ್ಮಲ್. ಮನೆಯಲ್ಲಿ 'ಎಲ್ಲ ಮನಸ್ಸಿನದು' ಎನ್ನುತ್ತಾರೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಟಿಎಂಟಿಯನ್ನೂ ಮಾಡಿಸಲೇ?

ಉತ್ತರ: ಕಾರವಾರದಿಂದ, ಕುಮಟಾದಿಂದ ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

'ಎಕೋ ನಾರ್ಮಲ್, ಹಾಗಾಗಿ ದೇಹಕ್ಕೇನೂ ಆಗಿಲ್ಲ' ಎಂಬುದು ತಪ್ಪು. ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ವಿದ್ಯುತ್ ಲಯವನ್ನು. ಎಕೋ ನಿಮ್ಮನ್ನು ಎಡಮಗ್ಗುಲಿಗೆ ಮಲಗಿಸಿ ಕವಾಟ, ಗೋಡೆ, ಪಂಪಿನ ಬಲ ನೋಡುತ್ತದೆ. ಎಕೋ ರಿಪೋರ್ಟಿನಲ್ಲಿ ಇ.ಎಫ್. 60 ಎಂದಿದ್ದರೆ ಎಡ ಕೋಣೆಯಲ್ಲಿ ತುಂಬಿದ ರಕ್ತದ ನೂರಕ್ಕೆ 60 ಪಾಲು ಪ್ರತಿ ಬಡಿತಕ್ಕೂ ಹೊರಹೋಗುತ್ತಿದೆ ಎಂದರ್ಥ. ಅದು ಪರೀಕ್ಷೆಯ ಅಂಕವಲ್ಲ, 60 ಚೆನ್ನಾಗಿಯೇ ಇದೆ. ಆದರೆ ಈ ಕಾಯಿಲೆಯ ಅನೇಕರಿಗೆ ತೊಂದರೆ ಶುರುವಾಗುವುದು ಎದ್ದು ನಿಂತಾಗ. ರಕ್ತ ಹೊಟ್ಟೆ, ಕಾಲುಗಳಿಗಿಳಿದು ಹೃದಯಕ್ಕೆ ಮರಳುವುದೇ ಕಡಿಮೆಯಾಗುತ್ತದೆ. ತೋಟದ ಪಂಪ್‌ಸೆಟ್ ಬಿಚ್ಚಿ ನೋಡಿದರೆ ಬಾವಿಯ ನೀರು ಎಷ್ಟಿದೆಯೆಂದು ತಿಳಿಯುತ್ತದೆಯೇ?

ಅದಕ್ಕೆ ನಿಲ್ಲಿಸಿ ನೋಡುವ ಪರೀಕ್ಷೆ ಬೇಕು. ತಾಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ಬಿಪಿ ಯಂತ್ರವೊಂದು ಸಾಕು. ಹತ್ತು ನಿಮಿಷ ಮಲಗಿ, ಬಿಪಿ, ನಾಡಿ ಬರೆದುಕೊಳ್ಳಿ. ನಂತರ ಹಿಮ್ಮಡಿಯನ್ನು ಗೋಡೆಯಿಂದ ಅರ್ಧ ಅಡಿ ಮುಂದಿಟ್ಟು, ಬೆನ್ನು ಆನಿಸಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ, ನಿಮಿಷಕ್ಕೊಮ್ಮೆ ಅಳೆಯಬೇಕು. ಬಿಪಿ ಇಳಿಯದೆ ನಾಡಿ ಮಲಗಿದ್ದಾಗ ಇದ್ದುದಕ್ಕಿಂತ ನಿಮಿಷಕ್ಕೆ 30 ಬಡಿತ ಅಥವಾ ಹೆಚ್ಚು ಏರಿ ಹಾಗೇ ಉಳಿದರೆ (ಹದಿಹರೆಯದವರಲ್ಲಿ 40) ಪಾಟ್ಸ್, ಅಂದರೆ ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ, ಇರಬಹುದು. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ ತೊಂದರೆ. ಪಕ್ಕದಲ್ಲೊಬ್ಬರು ಇರಲೇಬೇಕು, ಕಣ್ಣು ಕತ್ತಲಾದರೆ ತಕ್ಷಣ ಮಲಗಿಸಿ. ಕಾಲು ಆಡಿಸಿದರೆ ಮೀನಖಂಡ ರಕ್ತವನ್ನು ಮೇಲೆ ತಳ್ಳಿ ಫಲಿತಾಂಶ ಕೆಡುತ್ತದೆ. ಬೆಳಿಗ್ಗೆ ಕಾಫಿ ಬೇಡ. ನಾಡಿ ನಿಧಾನಿಸುವ ಮಾತ್ರೆಯಿದ್ದರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ರಕ್ತಹೀನತೆ, ಥೈರಾಯ್ಡ್ ಕೂಡ ನಾಡಿ ಏರಿಸುತ್ತವೆ, ಅವನ್ನು ಮೊದಲೇ ನೋಡಿಸಿರಿ.

ಟಿಎಂಟಿ ಮುಖ್ಯವಾಗಿ ರಕ್ತನಾಳದ ಬ್ಲಾಕ್ ಹುಡುಕಲು. ಎದೆನೋವಿದ್ದು ಡಾಕ್ಟರು ಹೇಳಿದರೆ ಮಾಡಿಸಿ. ಸುಸ್ತಿಗೆಂದು ಮಾತ್ರ ಬೇಡ. ಈ ಕಾಯಿಲೆಯಲ್ಲಿ ಶ್ರಮದ ನಂತರ ಸುಸ್ತು ತಡವಾಗಿ ಉಲ್ಬಣಿಸುತ್ತದೆ: ಮೂರು ನಿಮಿಷಕ್ಕೊಮ್ಮೆ ವೇಗ, ಏರು ಹೆಚ್ಚಿಸುವ ಆ ಓಟದ ಬೆಲೆ 12ರಿಂದ 48 ಗಂಟೆ ಕಳೆದು ಹಾಸಿಗೆ ಹಿಡಿದಾಗ ತಿಳಿಯುತ್ತದೆ. ಆಗ ರಿಪೋರ್ಟ್ 'ನಾರ್ಮಲ್' ಎಂದು ಕೈಗೆ ಬಂದಾಗಿರುತ್ತದೆ.

ಯಾರೂ ಕೇಳಿಲ್ಲ, ಆದರೂ ಉಪ್ಪಿನ ಮಾತು. ಪಾಟ್ಸ್ ಇದ್ದವರಿಗೆ ನೀರು, ಉಪ್ಪು ಹೆಚ್ಚಿಸಲು ಹೇಳುವುದುಂಟು. ಕರಾವಳಿಯ ಸೆಖೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದೇ. ಆದರೆ ಬಿಪಿ, ಮೂತ್ರಪಿಂಡ ಇಲ್ಲವೇ ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಒಂದು ಚಿಟಿಕೆಯನ್ನೂ ಹೆಚ್ಚಿಸಬಾರದು.