ಬೇಸ್ ಗಿಟಾರ್ ಯಾಕೆ ತಲೆ ತಗ್ಗಿಸುತ್ತೆ?

ಹೋದ ವರ್ಷ ಮುಂಬೈ ಹತ್ರದ ಡೊಂಬಿವ್ಲಿಯ ಗಣಪತಿ ಪೆಂಡಾಲಲ್ಲಿ ನಮ್ಮ ಕನ್ನಡ ಆರ್ಕೆಸ್ಟ್ರಾ ಇತ್ತು. ಹಾಡಿನ ಮಧ್ಯೆ ಮೈಕ್ ಸ್ವಲ್ಪ ಇಳಿಸೋಣ ಅಂತ ಎಡಗೈ ಬಿಟ್ಟೆ ನೋಡಿ, ಬೇಸಿನ ಕತ್ತು ದಡಕ್ಕಂತ ಕೆಳಗೆ ಹೋಗಿ ಕೀಬೋರ್ಡ್ ಸ್ಟ್ಯಾಂಡಿಗೆ ಬಡೀತು, ಮುಂದಿನ ಸಾಲಿನ ಅಜ್ಜಿ "ಅಯ್ಯೋ ಮಗನೇ" ಅಂದ್ರು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ, ಗಿಬ್ಸನ್ ಕಂಪನಿಯ ಎಸ್‌ಜಿ ಗಿಟಾರಿನ ಶೇಪಿನ ಬೇಸು, ಆ ಎರಡು ಚೂಪು ಕೊಂಬು ನೋಡಿಯೇ ಮರುಳಾಗಿದ್ದೆ. ಬೇಸ್ ನುಡಿಸೋರು ಈ ಕಾಯಿಲೆಗೆ ನೆಕ್ ಡೈವ್, ಅಂದ್ರೆ ಕತ್ತು ಧುಮುಕೋದು, ಅಂತಾರೆ.

ಬಾಡಿ ಹಗುರ, ಅದಕ್ಕೇ ಹಿಂಗೆ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಸತ್ಯ. ಇನ್ನರ್ಧ ಮುಂದಿನ ಸ್ಟ್ರಾಪ್ ಬಟನ್, ಅಂದ್ರೆ ಹೆಗಲ ಪಟ್ಟಿ ಸಿಕ್ಕಿಸೋ ಗುಂಡಿ, ಎಲ್ಲಿದೆ ಅನ್ನೋದ್ರಲ್ಲಿದೆ. ತಕ್ಕಡಿ ಹಿಡಿಯೋ ದಾರ ನಡುವಲ್ಲಿ ಕಟ್ಟದೆ ಒಂದು ಪಕ್ಕಕ್ಕೆ ಕಟ್ಟಿದ್ರೆ ಏನಾಗುತ್ತೋ ಅದೇ ಇಲ್ಲೂ. ಬಟನ್ 12ನೇ ಫ್ರೆಟ್ಟಿನ (ಕತ್ತಿನ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿ) ಹತ್ರಕ್ಕೆ ಬಂದ್ರೆ ಕತ್ತು ನಿಲ್ಲುತ್ತೆ, ಬಾಡಿಯ ಬುಡಕ್ಕೆ ಸರಿದ್ರೆ ಉದ್ದನೆ ಕತ್ತು, ತುದಿಯಲ್ಲಿ ತಂತಿ ಬಿಗಿಮಾಡೋ ದಪ್ಪ ದಪ್ಪ ಟ್ಯೂನರ್, ಎಲ್ಲಾ ಸೇರಿ ಕೆಳಗೆ ಜಗ್ಗುತ್ತೆ.

ನಿಂತು ನುಡಿಸೋ, ದೊಡ್ಡ ಪಿಟೀಲಿನಂಥ ಹಳೇ ಡಬಲ್ ಬೇಸಿಗೆ ಈ ತಾಪತ್ರಯ ಇರ್ಲೇ ಇಲ್ಲ, ಅದರ ಭಾರ ನೆಲ ಹೊರ್ತಿತ್ತು. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಅನ್ನೋ ಬೇಸ್ ಗಿಟಾರ್ ತಂದಾಗ ಭಾರ ಹೆಗಲಿಗೆ ಬಂತು, ತಂತಿಯ ಉದ್ದ 34 ಇಂಚು, ಅಂದ್ರೆ ಅವರದೇ ಟೆಲಿಕಾಸ್ಟರ್ ಗಿಟಾರಿನ ಇಪ್ಪತ್ತೈದೂವರೆಗಿಂತ ಎಂಟೂವರೆ ಇಂಚು ಜಾಸ್ತಿ. ಟೆಲಿಕಾಸ್ಟರಿಗೆ ಮೇಲುಗಡೆ ಕೊಂಬಿಲ್ಲ. ಬೇಸಿಗೆ ಮಾತ್ರ ಮೇಲಿನ ಕೊಂಬನ್ನ ಮುಂದಕ್ಕೆ ಎಳೆದು ಅದರ ತುದೀಲಿ ಬಟನ್ ಇಟ್ರು. ನಾವು ಸ್ಟೈಲು ಅಂದ್ಕೊಳ್ಳೋ ಕೊಂಬು ನಿಜವಾಗಿ ಸಮತೋಲಕ್ಕೆ ಹುಟ್ಟಿದ್ದು! ಫೆಂಡರ್‌ನ 1954ರ ಸ್ಟ್ರಾಟೋಕಾಸ್ಟರ್ ಗಿಟಾರಿಗೂ ಆ ಜೋಡಿ ಕೊಂಬು ಹೋಯ್ತು.

ಗಿಬ್ಸನ್ ದಾರಿ ಬೇರೆ. 1953ರ ಪಿಟೀಲು ಆಕಾರದ ಬೇಸು ಮೂವತ್ತೂವರೆ ಇಂಚಿನದು, ಚಿಕ್ಕ ಕತ್ತು, ನೆಲಕ್ಕೂರೋ ಕಡ್ಡಿ ಬೇರೆ ಕೊಟ್ಟಿದ್ರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಕಾಣೋ ಹೋಫ್ನರ್ ಬೇಸು ಕೂಡ ಗಿಡ್ಡ ಕತ್ತಿನ, ಒಳಗೆ ಟೊಳ್ಳಾದ, ಪಿಟೀಲು ಆಕಾರದ್ದೇ. ಆಮೇಲೆ ಗಿಬ್ಸನ್‌ನದೇ 1963ರ ಥಂಡರ್‌ಬರ್ಡ್ ಬೇಸು. ಕಾರು ಡಿಸೈನ್ ಮಾಡ್ತಿದ್ದ ರೇ ಡೀಟ್ರಿಕ್ ಬರೆದ ಆಕಾರ, ಕತ್ತು ಪೂರಾ 34 ಇಂಚು, ಆದ್ರೆ ಉದ್ದ ಕೊಂಬು ಕೆಳಗಡೆ, ಮೇಲಿಂದು ಮೊಂಡು! ನೋಡೋಕೆ ಕಾರಿನ ಹಾಗೇ ಮಿಂಚುತ್ತೆ, ಹೆಗಲಿಗೆ ಹಾಕ್ಕೊಂಡ್ರೆ ತಲೆ ನೆಲ ನೋಡುತ್ತೆ. ಹನ್ನೆರಡು ವರ್ಷ ಮುಂಚೆಯೇ ಸಿಕ್ಕಿದ್ದ ಉತ್ತರ ಕಣ್ಣೆದುರಿಗಿತ್ತಲ್ಲಾ, ನಂಗಂತೂ ಇದು ಅರ್ಥವಾಗಲ್ಲ.

1980ರ ಸುಮಾರಿಗೆ ನೆಡ್ ಸ್ಟೈನ್‌ಬರ್ಗರ್, ಕುರ್ಚಿ-ಮೇಜು ಡಿಸೈನ್ ಮಾಡ್ತಿದ್ದ ಮನುಷ್ಯ, ಬೇಸಿನ ತಲೆಯನ್ನೇ ಕತ್ತರಿಸಿ ಹಾಕ್ಬಿಟ್ಟ. ಟ್ಯೂನರ್‌ಗಳು ಬಾಡಿಯ ಹಿಂತುದಿಗೆ ಹೋದ್ವು, ಜಗ್ಗೋಕೆ ಅಲ್ಲಿ ಏನೂ ಉಳೀಲಿಲ್ಲ.

ನನ್ನ ಬೇಸಿಗೆ ಹಗುರ ಟ್ಯೂನರ್ ಹಾಕ್ಸೋದಾ, ಬಟನ್ ಬೇರೆ ಕಡೆ ಕೊರೆಸೋದಾ ಅಂತ ಲೆಕ್ಕ ಹಾಕಿ ಕೊನೆಗೆ ಮಾಟುಂಗಾ ಸ್ಟೇಷನ್ ಹೊರಗೆ ಚಪ್ಪಲಿ ಹೊಲಿಯೋ ಕಾಕಾ ಹತ್ರ ಮೂರೂವರೆ ಇಂಚು ಅಗಲದ ಚರ್ಮದ ಸ್ಟ್ರಾಪ್ ಮಾಡಿಸ್ದೆ, ಒರಟು ಮೈ ಒಳಗೆ ಬರೋ ಹಾಗೆ. ಈಗ ಕೈ ಬಿಟ್ರೂ ಕತ್ತು ಬೀಳಲ್ಲ. ಅದರ ಬದಲು ಅಂಗಿ ಎಡಕ್ಕೆ ಎಳ್ಕೊಂಡು ಹೋಗುತ್ತೆ, ಎರಡು ಹಾಡಿಗೊಮ್ಮೆ ಕಾಲರ್ ಸರಿಮಾಡ್ಕೋಬೇಕು.