ಸೈಕಲ್ ಫ್ರೇಮಿನೊಳಗೆ ಕೂರುವ ಪೆಟ್ರೋಲ್ ಟ್ಯಾಂಕಿಗೆ ರಟ್ಟಿನ ಅಚ್ಚು ತೆಗೆಯೋದು ಹೇಗೆ?

ಓದುಗರ ಪ್ರಶ್ನೆ: ಸೈಕಲ್ಲಿಗೆ ಟೂ ಸ್ಟ್ರೋಕ್ ಎಂಜಿನ್ ಕಿಟ್ ಹಾಕಿದ್ದೇನೆ. ಕಿಟ್ ಜೊತೆ ಬಂದ ಟ್ಯಾಂಕ್ ಚಿಕ್ಕದು, ಮೇಲಿನ ಪೈಪಿನ ಮೇಲೆ ಕೂರುತ್ತದೆ. ಫ್ರೇಮಿನ ಒಳಗೇ ಕೂರುವ ಹಾಗೆ ಒಂದು ಟ್ಯಾಂಕ್ ಮಾಡಿಸಬೇಕು. ಫ್ರೇಮಿನ ಪಕ್ಕಕ್ಕೆ ರಟ್ಟು ಒತ್ತಿ ಹಿಡಿದು ಗೀಟು ಎಳೆದರೆ ಸಾಕಾ?

ಸಾಲದು. ಹಾಗೆ ಎಳೆದ ಅಚ್ಚು ದೊಡ್ಡದಾಗುತ್ತದೆ. ಪೈಪ್ ದುಂಡಗಿರುತ್ತದೆ, ಅಲ್ವಾ? ಪಕ್ಕದಿಂದ ಒತ್ತಿದ ರಟ್ಟು ಅದರ ನಡುಗೆರೆಗೆ ತಾಗುತ್ತದೆಯೇ ಹೊರತು ಒಳ ಅಂಚಿಗಲ್ಲ. ಸಾದಾ ಸ್ಟೀಲ್ ಫ್ರೇಮಿನ ಕೆಳ ಪೈಪ್ 28.6 ಮಿ.ಮೀ. ದಪ್ಪ. ಅಂದರೆ ಆ ಒಂದು ಬದಿಯಲ್ಲೇ 14 ಮಿ.ಮೀ. ತಪ್ಪುತ್ತದೆ.

ಅದಕ್ಕೆ ಸುಲಭದ ದಾರಿ ಇದೆ. ಖಾಲಿ ಜಾಗಕ್ಕಿಂತ ಚಿಕ್ಕದಾದ ರಟ್ಟನ್ನು ಫ್ರೇಮಿನ ಒಳಗೆ ನಿಲ್ಲಿಸಿ. ಕ್ಯಾಲೆಂಡರ್ ಹಿಂದಿನ ಗಟ್ಟಿ ರಟ್ಟು ಒಳ್ಳೇದು, ಪಾರ್ಸೆಲ್ ಪೆಟ್ಟಿಗೆಯ ಪದರದ ರಟ್ಟು ಬೇಡ, ಅಂಚು ಕುಗ್ಗುತ್ತದೆ. ಆಮೇಲೆ ಸಣ್ಣ ಸಣ್ಣ ಪಟ್ಟಿ ಕತ್ತರಿಸಿ, ಒಂದು ತುದಿ ಪೈಪಿಗೆ ತಾಗುವ ಹಾಗೆ ಸುತ್ತಲೂ ಟೇಪಿನಿಂದ ಅಂಟಿಸಿ. ಬಾಗಿದ ಕಡೆ ಜಾಸ್ತಿ ಪಟ್ಟಿ ಬೇಕು. ಎಲ್ಲವನ್ನೂ ಒಟ್ಟಿಗೆ ಹೊರತೆಗೆದು ಹೊಸ ರಟ್ಟಿನ ಮೇಲಿಟ್ಟು ತುದಿಗಳನ್ನು ಗೆರೆಯಿಂದ ಕೂಡಿಸಿದರೆ ಖಾಲಿ ಜಾಗದ ನಿಜವಾದ ಆಕಾರ ಸಿಗುತ್ತದೆ.

ಆದರೆ ಇದು ಇನ್ನೂ ಟ್ಯಾಂಕಿನ ಆಕಾರವಲ್ಲ. ಇದರಿಂದ ಕಳೆಯಬೇಕಾದ್ದು ಬಹಳ ಇದೆ. ಸುತ್ತಲೂ 6 ಮಿ.ಮೀ. ಕಳೆಯಿರಿ. ವೆಲ್ಡಿಂಗ್ ಗಂಟು, ಬಣ್ಣ, ರಬ್ಬರ್ ತುಂಡು ಎಲ್ಲಕ್ಕೂ ಜಾಗ ಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್ ತಿರುಗುವಷ್ಟು ಜಾಗ ಎಂಜಿನ್ ತಲೆಯ ಮೇಲೆ ಬಿಡಿ. ಇದನ್ನು ಮರೆತರೆ ಪ್ಲಗ್ ಬದಲಿಸಲು ಪ್ರತಿ ಸಲ ಟ್ಯಾಂಕ್ ಇಳಿಸಬೇಕಾಗುತ್ತದೆ. ಈ ಕಿಟ್‌ಗಳಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕಾರ್ಬುರೇಟರ್ ಎಂಜಿನ್ನಿನ ಹಿಂದೆ, ಸೀಟ್ ಪೈಪಿನ ಕಡೆ ಇರುತ್ತದೆ. ಹಾಗಾಗಿ ಟ್ಯಾಂಕಿನ ತಳ ಹಿಂದಕ್ಕೆ ಇಳಿಜಾರಾಗಿರಲಿ, ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಅತ್ಯಂತ ತಗ್ಗಿನ ಮೂಲೆಯಲ್ಲಿ, ಕಾರ್ಬುರೇಟರಿಗಿಂತ ಮೇಲೆ ಬರಲಿ.

ಮುಚ್ಚಳ ಎಲ್ಲಿ? ಹೆಚ್ಚಿನವರು ಸಿಕ್ಕಿಬೀಳೋದು ಇಲ್ಲೇ. ಟ್ಯಾಂಕಿನ ನೆತ್ತಿಯ ಮೇಲೇ ಪೈಪ್ ಇರುವಾಗ ನಡುವಿಗೆ ಮುಚ್ಚಳ ಇಟ್ಟರೆ ಆಲಿಕೆ ಹಿಡಿಯಲು ಆಗದು. ಮೇಲಿನ ಅಂಚಿನಲ್ಲಿ ಒಂದು ಪಕ್ಕಕ್ಕೆ ಓರೆಯಾಗಿ ಇಡಿ, ಗಾಳಿ ರಂಧ್ರ ಇರುವ ಮುಚ್ಚಳ ಹಾಕಿ. ರಂಧ್ರ ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ನಿಂತುಬಿಡುತ್ತದೆ.

ದಪ್ಪ ನಿಮ್ಮ ಮೊಣಕಾಲು ಹೇಳುತ್ತದೆ. ಪೆಡಲ್ ತುಳಿಯುವಾಗ ತಾಗದಿರಲು 7ರಿಂದ 8 ಸೆಂ.ಮೀ. ಒಳಗೆ ಇರಲಿ. ಎಷ್ಟು ಹಿಡಿಯುತ್ತದೆ ಅನ್ನೋದು ಸರಳ ಲೆಕ್ಕ. ಅಚ್ಚನ್ನು ಗ್ರಾಫ್ ಹಾಳೆ ಮೇಲಿಟ್ಟು ಚೌಕ ಎಣಿಸಿ. 400 ಚದರ ಸೆಂ.ಮೀ. ಬಂದು ದಪ್ಪ 7.5 ಸೆಂ.ಮೀ. ಇದ್ದರೆ 3,000 ಘನ ಸೆಂ.ಮೀ., ಅಂದರೆ 3 ಲೀಟರ್. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಪೂರ್ತಿ ತುಂಬಿಸಬೇಡಿ.

ಈಗ ಇದೇ ಅಳತೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡಿ ಫ್ರೇಮಿಗೆ ಕಟ್ಟಿ, ಪೆಡಲ್ ತುಳಿದು, ಹ್ಯಾಂಡಲ್ ತಿರುಗಿಸಿ ನೋಡಿ. ಕೇಬಲ್ ಸಿಕ್ಕಿಕೊಳ್ಳುವುದು ಆಗಲೇ ಗೊತ್ತಾಗುತ್ತದೆ. ಪಕ್ಕದ ಎರಡು ತಗಡನ್ನು ಕೂಡಿಸುವ ಸುತ್ತಿನ ಪಟ್ಟಿಯ ಉದ್ದ ಬೇಕಾದರೆ ಅಚ್ಚಿನ ಅಂಚಿಗೆ ದಾರ ಸುತ್ತಿ ಅಳೆಯಿರಿ. ಪಕ್ಕದ ಎರಡು ತಗಡಿನ ಮೇಲೂ ಎಡ, ಬಲ ಅಂತ ಬರೆದು, ಹೊರಮೈ ಯಾವುದೆಂದು ಗುರುತು ಹಾಕಿ. ಇಲ್ಲದಿದ್ದರೆ ಅಂಚು ಮಡಚುವವರು ಎರಡನ್ನೂ ಎಡಕ್ಕೇ ಮಾಡಿಕೊಡುತ್ತಾರೆ!

ತಗಡು 18 ಗೇಜ್ (ಸುಮಾರು 1.2 ಮಿ.ಮೀ. ದಪ್ಪದ) ಸ್ಟೀಲ್ ಆದರೆ ವೆಲ್ಡರಿಗೆ ಸುಲಭ. ಸೋರಿಕೆ ನೋಡಲು ನೀರು ತುಂಬಿಸಿ, ಕಂಪ್ರೆಸರ್ ಗಾಳಿ ಬೇಡ, ಚಪ್ಪಟೆ ಮೈ ಉಬ್ಬುತ್ತದೆ. ಪೆಟ್ರೋಲ್ ಒಮ್ಮೆ ತುಂಬಿಸಿದ ಮೇಲೆ ಸೋರಿದರೆ ಸುಮ್ನೆ ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ.

ಇನ್ನೊಂದು ವಿಷಯ. ನಿಮ್ಮ ಎಂಜಿನ್ ಕಿಟ್‌ನ ಡಬ್ಬಿಯ ಮೇಲೆ 80 ಸಿಸಿ ಅಂತ ಇರಬಹುದು. ಬೋರ್ (ಸಿಲಿಂಡರಿನ ಒಳ ಅಗಲ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಒಂದು ಸಲಕ್ಕೆ ಚಲಿಸುವ ದೂರ) 38 ಮಿ.ಮೀ. ಆದರೆ ಲೆಕ್ಕಕ್ಕೆ ಅದು 66 ಸಿಸಿ. ಎರಡರಲ್ಲಿ ಯಾವುದಾದರೂ ಭಾರತದಲ್ಲಿ 25 ಸಿಸಿ ಮೀರಿದ್ದು ಮೋಟಾರ್ ವಾಹನವೇ, ನೋಂದಣಿ ಇಲ್ಲದೆ ರಸ್ತೆಗೆ ತರುವಂತಿಲ್ಲ.